ಮನಿ ಎಲ್ಲೀತನ ಬಂತ್ರೀ?

ಸುರಪುರದ ನಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸಲು ಹಿಡಿದರೆ ಅವರ ಆರೋಗ್ಯ ವಿಚಾರಿಸುವವರು ಕಡಿಮೆ. ಸಂತೆಯಲ್ಲಿ, ಗುಡಿಯಲ್ಲಿ, ನಳದ ಹತ್ತಿರ, ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: "ಮನಿ ಎಲ್ಲೀತನ ಬಂತ್ರೀ?" ಪಾಯ ತುಂಬಿತು, ಚೌಕಟ್ಟು ನಿಂತಿತು, ಸೆಂಟ್ರಿಂಗ್ ನಡೆದಿದೆ ಎಂದು ವರದಿ ಒಪ್ಪಿಸಲೇಬೇಕು. ಕೇಳಿದವರು ಸುಮ್ಮನೆ ಹೋಗುವುದಿಲ್ಲ. ತಮ್ಮ ಗೌಂಡಿ ಕೈಕೊಟ್ಟ ಕಥೆ, ಶಹಾಪುರದ ತಂಗಿಯ ಮನೆಯಲ್ಲಿ ಅಡುಗೆಕಟ್ಟೆ ಎತ್ತರವಾದ ಕಥೆ, ಯಾದಗಿರಿಯ ನಾದಿನಿ ಕಿಟಕಿಗೆ ಸುರಿದ ದುಡ್ಡಿನ ಲೆಕ್ಕ ಎಲ್ಲವನ್ನೂ ಹೇಳಿಯೇ ಮುಂದಿನ ಹೆಜ್ಜೆ.

ನಾವು ಹಳೆಯ ಮನೆ ಕೆಡವಲು ಹೊರಟಾಗ ಅಡ್ಡ ನಿಂತವರು ನಮ್ಮ ಅತ್ತೆ. ನಕ್ಷೆ ಬರೆದ ಹುಡುಗ ಪೂರ್ತಿ ಕೆಡವಿ ಎಂದಿದ್ದ. ಅತ್ತೆ ಊಟ ಬಿಟ್ಟರು. "ಹಿಂದ ಏನರ ಮಾಡ್ಕೋರಿ, ಪಡಸಾಲಿ ಮಾಳಗಿಗಿ ಕೈ ಹಚ್ಚಬ್ಯಾಡ್ರಿ" ಎಂಬುದೊಂದೇ ಮಾತು. ಮುದುಕಿಯ ಹಟ ಎಂದು ನಾನೂ ಸಿಡುಕಿದೆ.

ಆ ಮಾಳಿಗೆ ಎಂಥದೆಂದು ಈಗಿನ ಹೆಣ್ಣುಮಕ್ಕಳಿಗೆ ಹೇಳಬೇಕು. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆ, ಹುಳ ಹತ್ತದಂತೆ ಬೇವಿನ ತಪ್ಪಲು, ಮೇಲೆ ದಪ್ಪಗೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಜನ ಬೆಳೆಗೆ ಕೆಟ್ಟದ್ದೆಂದು ಬಯ್ಯುವ ಈ ಮಣ್ಣು ಮಾಳಿಗೆಗೆ ಬಂಗಾರ. ಮಳೆಹನಿ ಬಿದ್ದೊಡನೆ ಅದು ಕರಗಿ ಬಿರುಕಿನೊಳಗೆ ಇಳಿದು ಗಟ್ಟಿಯಾಗಿ ಕೂಡುತ್ತದೆ. ಉಪ್ಪಿನ ಅಂಶದಿಂದ ಹುಲ್ಲೂ ಬೇಗ ಹುಟ್ಟುವುದಿಲ್ಲ. ಹೊರಗೆ ಬಿಸಿಲು ನಾಲ್ವತ್ತು ಡಿಗ್ರಿ ದಾಟಿದರೂ ಪಡಸಾಲೆಯಲ್ಲಿ ಮಲಗಿದವರಿಗೆ ಜೊಂಪು ಹತ್ತುವುದು ಇದರ ಪುಣ್ಯದಿಂದಲೇ.

ಆದರೆ ಈ ಮಾಳಿಗೆ ಒಮ್ಮೆ ಕಟ್ಟಿ ಮರೆಯುವಂಥದಲ್ಲ. ಪ್ರತಿ ವರ್ಷ ಮಿರಗಕ್ಕೆ ಮೊದಲು ಸವಳು ಮಣ್ಣು ಹೊತ್ತು ತಂದು ಹರವಿ ತುಳಿಯಬೇಕು. ಹೊತ್ತವರು ಯಾರು? ಮನೆಯ ಹೆಂಗಸರು. ಅತ್ತೆ ಈ ಮನೆಗೆ ಬಂದ ಮೊದಲ ವರ್ಷದಿಂದ ಬುಟ್ಟಿ ಹೊತ್ತವರು. ಹೊಟ್ಟೆಯಲ್ಲಿ ಕೂಸಿದ್ದಾಗಲೂ ಏಣಿ ಹತ್ತಿದವರು. ಮನೆಯ ಕಾಗದಪತ್ರದಲ್ಲಿ ಅವರ ಹೆಸರು ಎಲ್ಲಿಯೂ ಇಲ್ಲ.

ಹೆಸರಿನ ಮಾತು ಬಂದಾಗ ನಮ್ಮೂರಿನವರ ಕಣ್ಣು ಗುಡ್ಡದ ಕಡೆ ಹೋಗುತ್ತದೆ. ಅಲ್ಲಿ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದ. ಮರುವರ್ಷ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡರು. ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕರು ಇನ್ನೂ ಹುಡುಗ. ತಾಯಿ ರಾಣಿ ಈಶ್ವರಮ್ಮನಿಗೂ ಟೇಲರನಿಗೂ ಬಹುಕಾಲ ಜಗ್ಗಾಟ. ಆ ದಶಕದಲ್ಲಿಯೇ ಆತ ಗುಡ್ಡದ ಮೇಲೆ ಈ ಬಂಗಲೆ ಕಟ್ಟಿಸಿದ. ಆದರೆ 1844ರಲ್ಲಿ ಹೆಂಡತಿ ಮೇರಿ ತೀರಿಹೋದಳು. ಹೈದರಾಬಾದಿನ ವಿಲಿಯಂ ಪಾಮರನ ಮಗಳು ಆಕೆ. ಮನೆ ಇತ್ತು, ಮನೆಯೊಡತಿ ಇರಲಿಲ್ಲ. ಆತ ಕಚೇರಿಯ ಕೆಲಸ ಮಾಡುತ್ತ, ಚಿತ್ರ ಬರೆಯುತ್ತ, ಲಂಡನ್ನಿನಲ್ಲಿದ್ದ ಬಂಧು ಹೆನ್ರಿ ರೀವನಿಗೆ ಪತ್ರ ಬರೆಯುತ್ತ ದಿನ ಕಳೆದ. ಆ ಪತ್ರಗಳು 1947ರಲ್ಲಿ ಪುಸ್ತಕವಾಗಿ ಬಂದಿವೆ. ಹುಡುಗ ರಾಜರು ಅವನನ್ನು "ಅಪ್ಪಾ" ಎಂದು ಕರೆಯುತ್ತಿದ್ದರಂತೆ.

1853ರಲ್ಲಿ ಟೇಲರ್ ಸುರಪುರ ಬಿಟ್ಟ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ಎದ್ದರು, ಸೋತರು, ಸೆರೆಯಾದರು. ಸೆರೆಗೆ ಒಯ್ಯುವ ದಾರಿಯಲ್ಲಿಯೇ ಗುಂಡು ತಗುಲಿ ತೀರಿಹೋದರು. 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು. ಅರಮನೆಯಲ್ಲಿ ಹುಟ್ಟಿದವರಿಗೆ ಮನೆಯಲ್ಲಿ ಸಾಯುವ ಭಾಗ್ಯವಿರಲಿಲ್ಲ. ಬಂಗಲೆ ಮಾತ್ರ ಉಳಿದು ಸರಕಾರಿ ಅತಿಥಿಗೃಹವಾಯಿತು. ಟೇಲರನ ಆತ್ಮಕಥೆ ಆತ ಸತ್ತ ಮರುವರ್ಷ, 1877ರಲ್ಲಿ, ಅಚ್ಚಾಯಿತು. ಅದನ್ನು ಅಚ್ಚಿಗೆ ಸಿದ್ಧಪಡಿಸಿದವಳು ಮಗಳು ಆಲಿಸ್. ಅಪ್ಪನ ಮಾತಿಗೆ ಹೊಸ ಮಣ್ಣು ಹರವಿ ತುಳಿದವಳು ಆಕೆ ಎನಿಸುತ್ತದೆ ನನಗೆ.

ಇನ್ನೂ ಹಿಂದಿನ ಮನೆಗಳೂ ನಮ್ಮ ಸೀಮೆಯಲ್ಲಿವೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ನೋಡಿದಾಗ ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳ ಊರು ಸಿಕ್ಕಿತು. ಊರ ಹೆಸರಿನಲ್ಲೇ ಬೂದಿಯಿದೆ. ಅದು ರಾಶಿ ಹಾಕಿ ಸುಟ್ಟ ಸಗಣಿಯ ಬೂದಿ. ವಾಸದ ನೆಲೆಯೊಳಗೇ ಎಳೆಮಕ್ಕಳ ಸಮಾಧಿಗಳಿದ್ದವು. ಸತ್ತ ಕೂಸನ್ನು ದೂರ ಕಳಿಸಲು ಮನಸ್ಸು ಬಾರದ ತಾಯಂದಿರು ಅಲ್ಲಿಯೂ ಇದ್ದಿರಬೇಕು. ಇದನ್ನು ಓದಿದ ದಿನ ಅತ್ತೆಯ ಹಟ ನನಗೆ ಬೇರೆಯಾಗಿ ಕಂಡಿತು. ಅವರ ಎರಡನೆಯ ಮಗ ಮೂರು ದಿನ ಬದುಕಿದ್ದು ಆ ಪಡಸಾಲೆಯಲ್ಲಿಯೇ. ಆ ಮಾತು ಅವರು ಎತ್ತಿರಲಿಲ್ಲ, ನಾವೂ ಕೇಳಿರಲಿಲ್ಲ.

ಪಡಸಾಲೆ ಉಳಿಯಿತು. ಹಿಂದಿನ ಅಡುಗೆಮನೆ, ಎರಡು ಕೋಣೆಗಳಿಗೆ ಸ್ಲ್ಯಾಬ್ ಬಿತ್ತು, ಕೆಳಗೆ ಶಹಾಬಾದಿ ಫರಸಿ ಬಂತು. ಸಿಮೆಂಟಿನ ಮನೆಯೆಂದರೆ ಹೆಂಗಸರ ಕೈಗೆ ಬಿಡುವು ಎಂದುಕೊಂಡಿದ್ದೆ. ಗೌಂಡಿ ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ, "ಅಕ್ಕೋರೇ, ನೀರು ಆರಿಸಬ್ಯಾಡ್ರಿ" ಎಂದು ಹೋದವನು ವಾರ ಕಳೆದರೂ ಬರಲಿಲ್ಲ. ನಾವೂ ಮದುವೆಯೊಂದರ ಗಡಿಬಿಡಿಯಲ್ಲಿ ಎರಡು ದಿನ ಮರೆತೆವು. ಮೊದಲ ಮಳೆಗೆ ಮೂಲೆಯಲ್ಲಿ ಸೋರಿತು. ಹಸಿ ಕಾಂಕ್ರೀಟು ನೀರು ಕುಡಿದೇ ಗಟ್ಟಿಯಾಗುತ್ತದೆ. ಬಿಸಿಲಿಗೆ ಆರಿದರೆ ಸೀಳುತ್ತದೆ. ಆ ರಾತ್ರಿ ಹೊಸ ಕೋಣೆಯಲ್ಲಿ ಬಕೆಟ್ ಇಟ್ಟು ಎಲ್ಲರೂ ಪಡಸಾಲೆಗೆ ಬಂದು ಮಲಗಿದೆವು. ಅತ್ತೆ ಏನೂ ಅನ್ನಲಿಲ್ಲ. ಮಗ್ಗುಲಾಗಿ ಜಾಗ ಮಾಡಿಕೊಟ್ಟರು.

ಈ ವರ್ಷ ಮಿರಗಕ್ಕೆ ಮೊದಲು ನಾನೂ ಮಗಳೂ ಏಣಿ ಹತ್ತಿದೆವು. ಸವಳು ಮಣ್ಣು ಎಲ್ಲಿ ಸಿಗುತ್ತದೆಂಬುದೇ ನಮಗೆ ಗೊತ್ತಿರಲಿಲ್ಲ. ಹಳ್ಳದ ಆಚೆಯ ಆ ಜಾಗವನ್ನು ಹೇಳಿದವರು ಅತ್ತೆ. ಎಷ್ಟು ದಪ್ಪ ಹರವಬೇಕು, ಯಾವ ಕಡೆ ಇಳುಕಲು ಬಿಡಬೇಕು ಎಂಬುದು ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಮಗಳು ಅದನ್ನೆಲ್ಲ ವಹಿಯಲ್ಲಿ ಬರೆದುಕೊಂಡು, ಮೇಲೆ ಅಜ್ಜಿಯ ಹೆಸರು ಹಾಕಿದಳು. ನಾವು ಅರ್ಧ ತುಳಿದು ಬೆವರು ಒರೆಸಿಕೊಳ್ಳುವಾಗ ಕೆಳಗಿನ ಕಟ್ಟೆಯಿಂದ ಅವರ ದನಿ ಕೇಳಿತು: "ಎಲ್ಲೀತನ ಬಂತವಾ?"