ನೆಲ ಯಾರದು, ಮನೆ ಯಾರದು: ಮಾರಿಯಾ ಚಂಡಮಾರುತ ಮತ್ತು ಸಮುದಾಯ ಭೂ ಟ್ರಸ್ಟ್

2017ರ ಸೆಪ್ಟೆಂಬರ್ 20ರಂದು ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪಕ್ಕೆ ಮಾರಿಯಾ ಚಂಡಮಾರುತ ಅಪ್ಪಳಿಸಿತು. ಮನೆ ದುರಸ್ತಿಗೆ ನೆರವು ಕೇಳಿದವರಿಂದ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಒಡೆತನದ ದಾಖಲೆ ಬಯಸಿತು. ಬಾಯಿಮಾತಿನ ಒಪ್ಪಂದದ ಮೇಲೆ ಮನೆ ಕಟ್ಟಿಕೊಂಡವರು, ಪಾಲುಪತ್ರವಾಗದ ಹಿರಿಯರ ಮನೆಯಲ್ಲೇ ಉಳಿದವರು ಅಲ್ಲಿ ಅಸಂಖ್ಯ. ಹತ್ತಾರು ಸಾವಿರ ಅರ್ಜಿಗಳು ಈ ಕಾರಣಕ್ಕೇ ಬಿದ್ದುಹೋದವು. ವಕೀಲರ ಒತ್ತಾಯದ ನಂತರ, 2018ರಲ್ಲಿ, ಸ್ವಯಂ ಘೋಷಣಾ ಪತ್ರಕ್ಕೆ ಸಂಸ್ಥೆ ಒಪ್ಪಿತು.

ಹಾಗಾದರೆ ಪ್ರತಿ ಕುಟುಂಬಕ್ಕೂ ಹಕ್ಕುಪತ್ರ ಕೊಟ್ಟರೆ ಸಾಕಲ್ಲವೇ? ಸಾಲದು ಎಂಬುದು ಈ ಲೇಖನದ ವಾದ. ಸೂರು ಹಾರಿಹೋಗಿ, ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಬಿಡಿ ಹಕ್ಕುಪತ್ರ ಅಗ್ಗದ ಮಾರಾಟಕ್ಕೂ ದಾರಿಯಾಗುತ್ತದೆ. 2012ರ ತೆರಿಗೆ ರಿಯಾಯಿತಿ ಕಾಯ್ದೆಗಳಿಂದ ಹೊರಗಿನ ಹೂಡಿಕೆದಾರರು ಬರತೊಡಗಿದ್ದ ಆ ದ್ವೀಪದಲ್ಲಿ ಇದು ಬರೀ ಊಹೆಯ ಭಯವಲ್ಲ.

ರಾಜಧಾನಿ ಸಾನ್ ಹುವಾನ್‌ನ ಕಾನ್ಯೊ ಮಾರ್ಟಿನ್ ಪೆನ್ಯಾ ಕಾಲುವೆಯ ದಡದ ಬಡಾವಣೆಗಳು ಬೇರೆ ದಾರಿ ಹಿಡಿದಿದ್ದವು. ಕಳೆದ ಶತಮಾನದ ಮೂವತ್ತರ ದಶಕದಿಂದ ಹಳ್ಳಿಗಾಡಿನ ಬಡವರು ಇಲ್ಲಿನ ಜವುಗು ನೆಲವನ್ನು ತುಂಬಿ ಗುಡಿಸಲು ಹಾಕಿಕೊಂಡರು. ಮುಚ್ಚಿಹೋದ ಕಾಲುವೆಯ ಹೂಳೆತ್ತುವ ಯೋಜನೆ ಬಂದಾಗ ನಿವಾಸಿಗಳಿಗೆ ಒಂದು ವಿಷಯ ಬೇಗ ಹೊಳೆಯಿತು: ನೀರು ಹರಿದರೆ ನೆಲದ ಬೆಲೆ ಏರುತ್ತದೆ, ನೆಲದ ಬೆಲೆ ಏರಿದರೆ ತಾವು ಎತ್ತಂಗಡಿ. 2002ರಿಂದ ಎರಡು ವರ್ಷ ಏಳುನೂರಕ್ಕೂ ಹೆಚ್ಚು ಸಭೆ, ಚಟುವಟಿಕೆಗಳು ನಡೆದವು. ಇದರ ಫಲವೇ 2004ರ 489ನೇ ಕಾಯ್ದೆ ಮತ್ತು ಸುಮಾರು 200 ಎಕರೆಯ ಭೂ ಟ್ರಸ್ಟ್. ಇಲ್ಲಿ ನೆಲ ಟ್ರಸ್ಟಿನದು, ಮಾರುವಂತಿಲ್ಲ, ಮನೆ ಕುಟುಂಬದ್ದು. ನೆಲವನ್ನು ಬಳಸುವ ಹಕ್ಕು ನೋಂದಾಯಿತ ಪತ್ರದ ಮೂಲಕ ಮಕ್ಕಳಿಗೂ ಸಲ್ಲುತ್ತದೆ. ಮನೆ ಮಾರುವುದಾದರೆ ಕೊಳ್ಳುವ ಮೊದಲ ಅವಕಾಶ ಟ್ರಸ್ಟಿಗೆ. 2009ರಲ್ಲಿ ಸರ್ಕಾರ ಕಾನೂನು ತಿದ್ದಿ ನೆಲ ಕಿತ್ತುಕೊಂಡಿತು. ಜನ ನಾಲ್ಕು ವರ್ಷ ಹೋರಾಡಿ 2013ರಲ್ಲಿ ಮರಳಿ ಪಡೆದರು. ಮಾರಿಯಾ ಬಂದಾಗ ಎಲ್ಲರ ಕೈಗೂ ಪತ್ರ ತಲುಪಿರಲಿಲ್ಲ. ಆದರೆ ಹಾನಿಯ ಲೆಕ್ಕ ಹಾಕಲು, ಟಾರ್ಪಾಲು ಹಂಚಲು, ಅರ್ಜಿ ಬರೆದುಕೊಡಲು ಬೀದಿಬೀದಿಗಳಲ್ಲಿ ಪಳಗಿದ ಸಂಘಟನೆ ಆಗಲೇ ಇತ್ತು. ನನ್ನ ದೃಷ್ಟಿಯಲ್ಲಿ ಪತ್ರಕ್ಕಿಂತ ದೊಡ್ಡ ಆಸ್ತಿ ಅದು.

ಭೂ ಟ್ರಸ್ಟ್ ಕಲ್ಪನೆಯ ಒಂದು ಬೇರು ನಮ್ಮ ಮಣ್ಣಿನಲ್ಲೂ ಇದೆ ಎಂಬುದನ್ನು ಕನ್ನಡದ ಓದುಗರು ಗಮನಿಸಬೇಕು. 1957ರ ಸೆಪ್ಟೆಂಬರಿನಲ್ಲಿ ಮೈಸೂರು ಬಳಿಯ ಯಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ವಿನೋಬಾ ಭಾವೆಯವರ ಜೊತೆ ನೆಹರೂ, ರಾಜೇಂದ್ರ ಪ್ರಸಾದ್ ಬಂದಿದ್ದರು. ನೆಲದ ಒಡೆತನ ಊರಿನದು, ಉಳುಮೆ ಕುಟುಂಬದ್ದು ಎಂಬ ಗ್ರಾಮದಾನದ ತತ್ವದಿಂದ ಪ್ರೇರಣೆ ಪಡೆದವರಲ್ಲಿ ಅಮೆರಿಕದ ರಾಬರ್ಟ್ ಸ್ವಾನ್ ಒಬ್ಬರು. ಅವರೂ ಚಾರ್ಲ್ಸ್ ಶೆರಾಡ್ ಮೊದಲಾದ ಕರಿಯ ನಾಗರಿಕ ಹಕ್ಕುಗಳ ಹೋರಾಟಗಾರರೂ ಸೇರಿ 1969ರಲ್ಲಿ ಜಾರ್ಜಿಯಾದಲ್ಲಿ ‘ನ್ಯೂ ಕಮ್ಯುನಿಟೀಸ್’ ಕಟ್ಟಿದರು. ಸುಮಾರು 5,700 ಎಕರೆಯ ಈ ಪ್ರಯೋಗವೇ ಅಮೆರಿಕದ ಮೊದಲ ಸಮುದಾಯ ಭೂ ಟ್ರಸ್ಟ್ ಎನಿಸಿದೆ. ಅದರ ಕೊನೆಯನ್ನು ಮರೆಯಬಾರದು. ಬರಗಾಲದಲ್ಲಿ ಬಿಳಿಯ ರೈತರಿಗೆ ಸಿಕ್ಕ ತುರ್ತು ಸಾಲ ಇವರಿಗೆ ಸಕಾಲಕ್ಕೆ ಸಿಗದೆ, 1985ರಲ್ಲಿ ನೆಲ ಕೈತಪ್ಪಿತು. ಈ ತಾರತಮ್ಯಕ್ಕೆ ಸುಮಾರು 1.2 ಕೋಟಿ ಡಾಲರ್ ಪರಿಹಾರ ಮಂಜೂರಾದದ್ದು 2009ರಲ್ಲಿ.

ಟ್ರಸ್ಟ್ ತಾನಾಗಿ ಪ್ರವಾಹ ತಡೆಯುವುದಿಲ್ಲ, ಚಾವಣಿಗೆ ಹಣವನ್ನೂ ತರುವುದಿಲ್ಲ. ಪುನರ್ವಸತಿಯ ನಿಯಮಗಳು ಒಬ್ಬಂಟಿ ಮಾಲೀಕನನ್ನಷ್ಟೇ ಗುರುತಿಸುವವರೆಗೆ ಸಾಮೂಹಿಕ ಒಡೆತನ ಕಚೇರಿಯ ಬಾಗಿಲಲ್ಲೇ ನಿಲ್ಲುತ್ತದೆ. ಆದ್ದರಿಂದ ನೀತಿ ರೂಪಿಸುವವರಲ್ಲಿ ಕೋರಿಕೆ ಎರಡೇ: ವಾಸದ ಸಾಕ್ಷ್ಯವನ್ನು ನೆರವಿನ ಅರ್ಹತೆಯೆಂದು ಒಪ್ಪಿ, ಇಂಥ ಟ್ರಸ್ಟುಗಳಿಗೆ ನೆಲ, ಹಣ, ಕಾನೂನಿನ ಬಲವನ್ನು ಮುಂದಿನ ಚಂಡಮಾರುತಕ್ಕೆ ಮೊದಲೇ ಕೊಡಿ.