999ರ ಎದುರು 000: ನಮ್ಮ ಕಡೆಗೆ ಬಂದ ಕುಳ್ಳ ಏಜೆಂಟ್

ನಮ್ಮ ಕಡೆ ಎತ್ತರ ಕಡಿಮೆ ಇದ್ದವರಿಗೆ ‘ಗಿಡ್ಡ’ ಅಂತಾರೆ. ‘ಕುಳ್ಳ’ ಅನ್ನುವ ಮಾತನ್ನು ನಾವು ಕಲಿತದ್ದು ಸಿನಿಮಾದಿಂದ, ಅಂದರೆ ದ್ವಾರಕೀಶ್ ಅವರಿಂದ. 2024ರ ಏಪ್ರಿಲ್ 16ರಂದು ಅವರು ತೀರಿಕೊಂಡಾಗ ನಮ್ಮ ಫೋನುಗಳಲ್ಲಿ ಓಡಾಡಿದ್ದು ‘ಕುಳ್ಳ ಏಜೆಂಟ್ 000’ ಚಿತ್ರದ ಹಾಡು.

ಆ ಸೊನ್ನೆಗಳಿಗೊಂದು ಹಿನ್ನೆಲೆ ಇದೆ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆದು ರಾಜ್‌ಕುಮಾರ್ ಅವರನ್ನು ಕನ್ನಡದ ಜೇಮ್ಸ್ ಬಾಂಡ್ ಮಾಡಿತು. ಬಾಂಡ್‌ನದು 007, ರಾಜ್ ಅವರದು ಸಿಐಡಿ 999. ನಾಲ್ಕು ವರ್ಷದ ಮೇಲೆ, 1972ರಲ್ಲಿ, ದ್ವಾರಕೀಶ್ ತಮಗೆ ಮೂರು ಸೊನ್ನೆ ಹಾಕಿಕೊಂಡರು. ಮೈಸೂರಿನಲ್ಲಿ ಬಿಡಿಭಾಗಗಳ ಅಂಗಡಿ ಬಿಟ್ಟು ನಟನೆಗೆ ಬಂದವರು ಅವರು. 1969ರಲ್ಲಿ ‘ಮೇಯರ್ ಮುತ್ತಣ್ಣ’ ನಿರ್ಮಿಸಿದಾಗ ನಾಯಕ ರಾಜ್‌ಕುಮಾರ್. ಈ ಸಲ ನಾಯಕ ತಾವೇ. ಕೆ.ಎಸ್.ಎಲ್. ಸ್ವಾಮಿ ನಿರ್ದೇಶನ, ಜ್ಯೋತಿಲಕ್ಷ್ಮಿ ಜೋಡಿ, ರಾಜನ್–ನಾಗೇಂದ್ರ ಸಂಗೀತ. ನಾಯಕನ ಪಕ್ಕ ನಿಂತು ನಗಿಸುತ್ತಿದ್ದವನು ಹೊಡೆದಾಟಕ್ಕೂ ತಾನೇ ಇಳಿದ.

ಹಾಡಿಗೆ ಮಾತ್ರ ಅವರು ದೂರ ಕೈ ಚಾಚಿದರು. ‘ಆರಾಧನಾ’ (1969) ಬಂದ ಮೇಲೆ ದೇಶವೆಲ್ಲ ಕೇಳುತ್ತಿದ್ದ ಕಿಶೋರ್ ಕುಮಾರ್ ಅವರಿಂದ ಕನ್ನಡದಲ್ಲಿ ಹಾಡಿಸಿದರು. ಕಿಶೋರ್ ಕನ್ನಡದಲ್ಲಿ ಹಾಡಿದ್ದು ಅದೊಂದೇ.

ನಮ್ಮ ಊರುಗಳಲ್ಲಿ ಈ ದನಿಗೆ ಯಾಕೆ ಬೇರೆ ಬೆಲೆ ಅನ್ನುವುದಕ್ಕೆ ನಕಾಶೆ ನೋಡಬೇಕು. ಸಿಕಂದರಾಬಾದ್–ವಾಡಿ ರೈಲು ಹಾದಿ 1874ರದು. ಸೇಡಂ, ಚಿತ್ತಾಪುರ ಅದರ ಮೇಲಿವೆ. ಶಹಾಬಾದ್ ಇರುವುದು ವಾಡಿಯಿಂದ ಮುಂಬೈ ಕಡೆಗೆ ಹೋಗುವ ಹಾದಿಯಲ್ಲಿ. ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ, ಬಸ್ಸೇ ಗತಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆದರೂ ಹಿಂದಿ ಚಿತ್ರ ಹಂಚುವವರ ಲೆಕ್ಕದಲ್ಲಿ ಕಲಬುರಗಿ, ಬೀದರ್, ರಾಯಚೂರು ‘ನಿಜಾಮ್’ ವಲಯದಲ್ಲೇ ಉಳಿದವು. ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಒಂದೇ ಸಂತೆಯಲ್ಲಿ ಕೇಳುವ ಸೀಮೆ ಇದು. ಸಿಮೆಂಟ್ ಕಾರ್ಖಾನೆಗೆ, ಕಲ್ಲಿನ ಗಣಿಗೆ ದುಡಿಯಲು ಬಂದವರು ಮತ್ತಷ್ಟು ಭಾಷೆ ತಂದರು. ಮೈಸೂರು ಕಡೆಯ ಕನ್ನಡ ನಮ್ಮಲ್ಲಿ ಕೆಲವರಿಗೆ ದೂರದ್ದು, ಕಿಶೋರ್ ದನಿ ಮನೆಯದು. ಹೊಡೆದಾಟಕ್ಕೂ ನಗುವಿಗೂ ಅನುವಾದ ಬೇಕಿಲ್ಲ.

ನಾವು ಈ ಚಿತ್ರ ನೋಡಿದ್ದು ಟಿವಿಯಲ್ಲಿ, ಕರೆಂಟು ಹೋಗಿ ಬರುವ ನಡುವೆ. ಕತೆ ಅರ್ಧ ತಪ್ಪಿದರೂ ಗಿಡ್ಡ ಮನುಷ್ಯ ಗೆದ್ದದ್ದು ತಪ್ಪಲಿಲ್ಲ.

ದ್ವಾರಕೀಶ್ ಅಲ್ಲಿಗೆ ನಿಲ್ಲಲಿಲ್ಲ. 1978ರ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ. ಸಿ.ವಿ. ರಾಜೇಂದ್ರನ್ ನಿರ್ದೇಶಿಸಿದ ಅದರಲ್ಲಿ ವಿಷ್ಣುವರ್ಧನ್ ರಾಜ, ಇವರು ಕುಳ್ಳ. ಹೆಸರಲ್ಲಿ ಇಬ್ಬರಿಗೂ ಸಮಪಾಲು.

ಕನ್ನಡ ಸಿನಿಮಾ ಸಿಂಗಾಪುರಕ್ಕೆ ಹೋಗಿ ಬಂತು. ಸೇಡಂ ತಾಲ್ಲೂಕಿನ ಮಳಖೇಡಕ್ಕೆ, ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿಯ ಮಾತಿಗೆ, ಬರುವುದು ಅಪರೂಪ. ಬಂದರೂ ನಮ್ಮ ಕನ್ನಡ ಸಿಗುವುದು ಹೆಚ್ಚಾಗಿ ನಾಯಕನ ಪಕ್ಕ ನಿಂತು ನಗಿಸುವವನ ಬಾಯಲ್ಲಿ. ದ್ವಾರಕೀಶ್ ಕೂಡ ಅಲ್ಲೇ ನಿಂತಿದ್ದರು. 1972ರಲ್ಲಿ ಅವರು ಎರಡು ಹೆಜ್ಜೆ ಮುಂದೆ ಬಂದರು. ನಮ್ಮ ಮಾತು ಇನ್ನೂ ಬರಬೇಕಿದೆ.