ದಾರಿಗೆ ಸಂತರ ಹೆಸರು

ಜ್ಯೇಷ್ಠ ಮಾಸ ಮುಗಿಯುತ್ತ ಬಂದರೆ ನಮ್ಮ ಪುಣೆಯಲ್ಲಿ ಮನೆಗೆಲಸದ ಮಾವಶಿಯರು ರಜೆ ಕೇಳುತ್ತಾರೆ. ನಾನು ಇಲ್ಲಿಗೆ ಬಂದ ಹೊಸತರಲ್ಲಿ, "ಪಂಢರಪುರಕ್ಕೆ ಯಾವ ದಾರಿಯಲ್ಲಿ ನಡೀತೀರಿ ಮಾವಶಿ?" ಎಂದು ಕೇಳಿದ್ದೆ. ಯಾವುದಾದರೂ ಊರಿನ ಹೆಸರು ಹೇಳುತ್ತಾರೆ ಅಂದುಕೊಂಡರೆ, "ಮಾವುಲಿಯ ಜೊತೆ" ಎಂದರು. ಮಾವುಲಿ ಎಂದರೆ ತಾಯಿ. ವಾರಕರಿಗಳು ಸಂತ ಜ್ಞಾನೇಶ್ವರರನ್ನು ಕರೆಯುವುದೇ ಹಾಗೆ.

ಆ ಉತ್ತರದಲ್ಲಿ ಒಂದು ಇತಿಹಾಸವೇ ಇದೆ. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಜ್ಞಾನೇಶ್ವರ, ತುಕಾರಾಮರಿಬ್ಬರ ಪಾದುಕೆಗಳನ್ನೂ ಒಂದೇ ಪಲ್ಲಕ್ಕಿಯಲ್ಲಿ ಪಂಢರಪುರಕ್ಕೆ ಒಯ್ಯಲು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. 19ನೇ ಶತಮಾನದ ಮೊದಲ ಭಾಗದಲ್ಲಿ, ಶಿಂದೆಯವರ ದರ್ಬಾರಿನಲ್ಲಿದ್ದ ಹೈಬತ್‌ಬಾಬಾ ಆರಫಳಕರ್ ಅವರು ಜ್ಞಾನೇಶ್ವರರ ಪಲ್ಲಕ್ಕಿಯನ್ನು ಆಳಂದಿಯಿಂದ ಬೇರೆಯಾಗಿ ಹೊರಡಿಸಿದರು. ಅಂದಿನಿಂದ ದಾರಿ ಎರಡಾಯಿತು.

ಎರಡೂ ಪಲ್ಲಕ್ಕಿಗಳು ಪುಣೆಯಲ್ಲಿ ತಂಗಿ, ಹಡಪಸರದಲ್ಲಿ ಅಗಲುತ್ತವೆ. ಮಾವುಲಿಯದು ದಿವೆ ಘಾಟ್ ಹತ್ತಿ ಸಾಸವಡ, ಜೇಜುರಿ, ಫಲಟಣದ ಮೇಲೆ. ತುಕೋಬಾರದು ಬಾರಾಮತಿ, ಇಂದಾಪುರ, ಅಕಲೂಜದ ಮೇಲೆ. ಮತ್ತೆ ಸೇರುವುದು ಪಂಢರಪುರದ ಹತ್ತಿರದ ವಾಖರಿಯಲ್ಲಿ. ಎಲ್ಲರೂ ಹೋಗುವುದು ಒಂದೇ ಊರಿಗೆ. ಎರಡನ್ನೂ 'ಪಂಢರಪುರದ ದಾರಿ' ಎಂದರೆ ಗುರುತು ಹತ್ತುವುದು ಹೇಗೆ? ಅದಕ್ಕೇ ಯಾರ ಪಾದುಕೆಯೋ ಅವರ ಹೆಸರು.

ದಿಂಡಿಗಳಲ್ಲೂ ಇದೇ ಜಾಣತನ. ಮಾವುಲಿಯ ರಥದ ಮುಂದೆ 27 ದಿಂಡಿಗಳು, ಹಿಂದೆ ಅದಕ್ಕಿಂತ ಎಷ್ಟೋ ಹೆಚ್ಚು. ಮುಂದೆಯೂ 5ನೇ ದಿಂಡಿ ಇದೆ, ಹಿಂದೆಯೂ ಇದೆ. ಆದ್ದರಿಂದ 'ರಥದ ಮುಂದೆ 5', 'ರಥದ ಹಿಂದೆ 5' ಎನ್ನುತ್ತಾರೆ. ತಲೆಯ ಮೇಲೆ ತುಳಸಿ ಹೊತ್ತ ಹೆಣ್ಣುಮಗಳು ಜನಸಾಗರದಲ್ಲಿ ತಪ್ಪಿಸಿಕೊಂಡರೆ ತನ್ನವರನ್ನು ಹುಡುಕಿಕೊಳ್ಳುವುದು ಈ ಗುರುತಿನಿಂದಲೇ.

2021ರ ನವೆಂಬರ್‌ನಲ್ಲಿ ಈ ಮಾರ್ಗಗಳನ್ನು ಚತುಷ್ಪಥ ಮಾಡುವ ಕೆಲಸಕ್ಕೆ ಶಿಲಾನ್ಯಾಸವಾಯಿತು. ನಡೆಯುವವರಿಗೆಂದು ಪಕ್ಕದಲ್ಲಿ ಬೇರೆ ಹಾದಿಯೂ ಯೋಜನೆಯಲ್ಲಿದೆ. ಒಂದು ರಾಷ್ಟ್ರೀಯ ಹೆದ್ದಾರಿ 965, ಇನ್ನೊಂದು 965ಜಿ. ಒಂದಕ್ಷರದ ವ್ಯತ್ಯಾಸ! ಪುಣ್ಯಕ್ಕೆ, ಸಂಖ್ಯೆಯ ಜೊತೆ ಸಂತರ ಹೆಸರನ್ನೂ ಸರಕಾರ ಉಳಿಸಿದೆ.

ನಮಗೆ ಕನ್ನಡಿಗರಿಗೆ ಇದು ಹೊಸದೇನಲ್ಲ. ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ: ನಮ್ಮ ದಾಸರ ಅಂಕಿತಗಳಲ್ಲೂ ವಿಠಲ ಒಬ್ಬನೇ, ಹಾಡಿದವರು ಯಾರೆಂದು ತಿಳಿಸುವುದು ಮುಂದಿನ ಪದ.

ಜಳಗಾಂವ್ ಜಿಲ್ಲೆಯ ಮುಕ್ತಾಈನಗರದಿಂದ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿಯ ಪಲ್ಲಕ್ಕಿಯೂ ಬರುತ್ತದೆ. ಅಣ್ಣನ ಹೆಸರಿನಲ್ಲಿ ಸೇರಿಹೋಗದೆ, ತನ್ನದೇ ಹೆಸರಿನಲ್ಲಿ ಅಷ್ಟು ದೂರದಿಂದ ಬರುವ ಆ ತಂಗಿಯನ್ನು ನಾವು ಹೆಂಗಸರು ನೆನೆಯಬೇಕು. ಈ ಆಷಾಢದಲ್ಲಿ ವಾರಕರಿಗಳಿಗೆ ನೀರು ಕೊಡಲು ನಿಂತಾಗ, "ಎಲ್ಲಿಗೆ?" ಎಂದು ಕೇಳುವುದು ಬೇಡ, "ಯಾರ ಜೊತೆ?" ಎಂದು ಕೇಳೋಣ.